ಎಡಗಿವಿ

ಘಾನಾದ ತಮಾಲೆ. ಹರ್ಮಟ್ಟನ್ ಗಾಳಿಯ ಧೂಳು
ಕರಿಹಲಗೆಯ ಮೇಲೂ ಕೂತಿದೆ.
ಅರ್ಧಕ್ಕೆ ಮೂರನೆಯ ಒಂದು ಪಾಲು ಕೂಡಿಸಿದರೆ
ಐದರಲ್ಲಿ ಎರಡು, ಅಂದ ವುಂಪಿನಿ.
ಅರವತ್ತು ಬಾಯಿ ನಕ್ಕವು.

ಸನಾತು ಟೀಚರ್ ಅದನ್ನು ಒರೆಸಲಿಲ್ಲ.
ಬಲಗಿವಿ ಕೇಳದು ಅವರಿಗೆ;
ಎಡಗಿವಿಯನ್ನು ಅವನತ್ತ ತಿರುಗಿಸಿ
ಬೆಂಚಿನ ತುದಿಗೆ ಕೂತರು.
"ಹೇಗೆ ಬಂತು, ಹೇಳು."

ಎರಡು ಕಿತ್ತಳೆಯಲ್ಲಿ ಕೊಳೆತದ್ದು ಒಂದು,
ಮೂರರಲ್ಲಿ ಒಂದು,
ಒಂದೇ ಬುಟ್ಟಿಗೆ ಸುರಿದರೆ...
"ಬುಟ್ಟಿಯ ಲೆಕ್ಕ ಸರಿ ಕಣಪ್ಪಾ.
ಒಂದೇ ಹಣ್ಣನ್ನು ಕೊಯ್ದರೆ?"
ಗಂಟೆ ಹೊಡೆದಾಗ ತರಗತಿಯೆಲ್ಲ ಚಾಕು ಹುಡುಕುತ್ತಿತ್ತು.

ಮಳೆ ಹಿಡಿದ ಮೇಲೆ ಇನ್‌ಸ್ಪೆಕ್ಟರ್ ಬಂದರು.
ತಪ್ಪೋ ಸರಿಯೋ, ಯಾರೇ ಬಾಯಿ ತೆರೆದರೂ
ಅರವತ್ತು ಎಡಗಿವಿ ಅತ್ತ ಹೊರಳುವುದು ಕಂಡು
'ಮಕ್ಕಳ ಬಲಗಿವಿ ಪರೀಕ್ಷಿಸತಕ್ಕದ್ದು'
ಎಂದು ಷರಾ ಬರೆದರು.