ನಾವು ಅಂದರೆ ಯಾರಮ್ಮ

ಐದು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ.
ನಾಗರಬಾವಿ ಗೇಟಿನ ಅಂಗಡಿಯಲ್ಲಿ ನಮ್ಮ ಬೈಟು ಟೀ
ಒನ್ ಬೈ ತ್ರೀಗೆ ಇಳಿದಿತ್ತು.
ಅಂಗಡಿಯವನ ಸಾಲದ ಪುಸ್ತಕದಲ್ಲಿ ನಮಗೇ ಒಂದು ಪುಟ,
ಮೇಲೆ ಬರೆದಿದ್ದ: ಡಾಕ್ಟರುಗಳು.

ಅರ್ಜಿ ಬರೆದದ್ದು ನಾನು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ.
ಮೊದಲ ಸಹಿ ಯಾರದು ಎಂಬಲ್ಲಿ ಪೆನ್ನು ನಿಂತಿತು.
ಚಂದ್ರಹಾಸನ ಗೈಡು ಸಿಂಡಿಕೇಟಿನಲ್ಲಿದ್ದಾರೆ.
ಶಿವಲೀಲಾಳ ಥೀಸಿಸ್ಸು ಅದೇ ವಾರ ಒಳಗೆ ಹೋಗಬೇಕು.
ಕ್ವಾಡ್ರಸ್ಸನಿಗೆ ಇದ್ದಕ್ಕಿದ್ದ ಹಾಗೆ ಫೋನು ಬಂತು.
ಅಲ್ಲಿಯ ತನಕ ತುಟಿ ಬಿಚ್ಚದಿದ್ದ ತಸ್ಮಿಯಾ
ಮೆಸ್ಸಿನ ಸ್ಟೀಲ್ ತಟ್ಟೆಯನ್ನು ಹಾಳೆಯ ಮೇಲೆ ಬೋರಲು ಹಾಕಿ
ಸುತ್ತ ಗೆರೆ ಎಳೆದಳು.
ಗೆರೆಗುಂಟ ಹಾಕಿ, ಅಂದಳು, ಮೊದಲೂ ಇಲ್ಲ ಕೊನೆಯೂ ಇಲ್ಲ.
ಮೂವತ್ತೊಂದು ಹೆಸರು ಗಾಲಿಯ ಅರಗಳಂತೆ ಕೂತವು.
ಉಪಾಯ ಅವಳದು, ಭೇಷ್ ಸಿಕ್ಕಿದ್ದು ನನಗೆ.
ಬೇಡ ಎನ್ನಲಿಲ್ಲ ನಾನು. ಈಗಲಾದರೂ ಬರೆದಿಡುತ್ತೇನೆ.

ಹಣಕಾಸು ವಿಭಾಗದ ಅಧಿಕಾರಿ ಹಾಳೆಯನ್ನು
ಬಸ್ಸಿನ ಸ್ಟೇರಿಂಗಿನಂತೆ ತಿರುಗಿಸಿ ತಿರುಗಿಸಿ ಓದಿದರು.
'ನಾವು, ನಾವು ಅಂತ ಹನ್ನೊಂದು ಸಲ ಬರೆದಿದ್ದೀರಿ.
ನಾವು ಅಂದರೆ ಯಾರಮ್ಮ? ನಿಮ್ಮಲ್ಲಿ ಲೀಡರ್ ಯಾರು?'
ಫ್ಯಾನು ಕಟಕಟ ಅಂದಿತು. ಎಲ್ಲರೂ ಫ್ಯಾನು ನೋಡಿದರು.
ಕುರ್ಚಿಯೊಂದು ಹಿಂದೆ ಸರಿದ ಸದ್ದು;
ಎದ್ದವಳು ನಾನೇ ಎಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು.
ಏನು ಮಾತಾಡಿದೆನೋ, ದನಿ ಕೀರಲಾಗಿತ್ತು,
ತಾರೀಖುಗಳು ಮಾತ್ರ ಸರಿಯಿದ್ದವು.

ನಗು ಬರಬೇಕು: ನನ್ನ ಸಂಶೋಧನೆಯ ವಿಷಯವೇ 'ನಾವು'.
ತೆಲುಗಿನಲ್ಲಿ ಅದು ಎರಡು. ಕೇಳುವವನನ್ನೂ ಸೇರಿಸಿದರೆ ಮನಂ,
ಬಿಟ್ಟರೆ ಮೇಮು.
ತುಳುವಿನಲ್ಲೂ ನಮ ಬೇರೆ, ಎಂಕುಲು ಬೇರೆ.
ನಮ್ಮ ಈಗಿನ ಕನ್ನಡದ ನಾವು ಬಾಗಿಲಿಗೆ ಬಿಟ್ಟ ಪರದೆ,
ಒಳಗೆ ಯಾರಿದ್ದಾರೆಂದು ಬಾಯಿ ಬಿಡುವುದಿಲ್ಲ.
ಎರಡನೇ ಅಧ್ಯಾಯದಲ್ಲಿ ಇದಕ್ಕೆ ನಲವತ್ತು ಪುಟ, ಕೋಷ್ಟಕ ಸಹಿತ.

ಹೊರಗೆ ಕಾರಿಡಾರಿನಲ್ಲಿ ಗೆದ್ದವರ ಗದ್ದಲ:
ಸೋಮವಾರ ಒಂದು ತಿಂಗಳದ್ದು ಹಾಕ್ತಾರಂತೆ!
ಒದ್ದೆ ನೆಲಕ್ಕೆ ಕೈ ಅಡ್ಡ ಹಿಡಿದ ನರಸಮ್ಮ
ಮಾಪು ಹಿಂಡುತ್ತ, ಬಕೆಟ್ಟಿಗೆ ಹೇಳಿದಂತೆ ಹೇಳಿದಳು:
'ಮಾಕೂ ರಾಲೇದಮ್ಮಾ, ಆರು ನೆಲಲು.'
ನಮಗೂ ಬಂದಿಲ್ಲ, ಆರು ತಿಂಗಳು.
ಮನಕೂ ಅನ್ನಲಿಲ್ಲ. ಮಾಕೂ ಅಂದಳು.
ನಲವತ್ತು ಪುಟ ಬರೆದವಳು
ಒಂದು ಅಕ್ಷರದ ಹೊಸ್ತಿಲಲ್ಲಿ ನಿಂತುಬಿಟ್ಟೆ.
ತಟ್ಟೆಯ ಗೆರೆಗೆ ಮೊದಲಿರಲಿಲ್ಲ, ಕೊನೆಯಿರಲಿಲ್ಲ,
ಹೊರಗು ಇತ್ತು.

ಆ ಸಂಜೆ ಹೊಂಗೆ ಮರದ ಬುಡದಲ್ಲಿ ಹೇಳಿದೆ:
ಅರ್ಜಿಗೆ ಇನ್ನೊಂದು ಸಾಲು ಸೇರಿಸೋಣ.
ಅದು ಕಂಟ್ರಾಕ್ಟರಿನ ವಿಷಯ, ಎಂದ ಚಂದ್ರಹಾಸ,
ಎರಡೂ ಬೆರೆಸಿದರೆ ಎರಡೂ ಕೆಡುತ್ತೆ.
ಕೂಗಾಡಿದೆ. ಸ್ವಾರ್ಥಿಗಳು ಎಂದೆ.
ಎದ್ದದ್ದು ಒಂಬತ್ತು ಕೈ. ಬೇಡವೆಂದವರು ಹದಿನೆಂಟು.
ಉಳಿದವರು ಸೊಳ್ಳೆ ಹೊಡೆಯುತ್ತಿದ್ದರು.

ಹಾಸ್ಟೆಲಿನ ಮೆಟ್ಟಿಲಲ್ಲಿ ತಸ್ಮಿಯಾ ಮೆಲ್ಲಗೆ:
'ಅಕ್ಕಾ, ಅಲ್ಲಿ ನೀವು ಒಂದು ಸಲವೂ ನಾವು ಅನ್ನಲಿಲ್ಲ.
ನೀವು, ನೀವು ಅಂದಿರಿ.'

ಆಮೇಲಿನ ಎರಡು ವಾರ ಭಾಷಣವಿಲ್ಲ.
ಶಿವಲೀಲಾಳ ಬೈಂಡಿಂಗಿಗೆ ವಿಜಯನಗರದ ತನಕ ಜೊತೆ ಹೋದೆ.
ಕ್ವಾಡ್ರಸ್ಸನ ಪಕ್ಕ ಕೂತು ಅವನ ತಂಗಿಯ ಡಯಾಲಿಸಿಸ್ಸಿನ ಲೆಕ್ಕ ಕೇಳಿದೆ;
ಅಂದು ಆ ಫೋನು ನಿಜವಾಗಿಯೂ ಬಂದಿತ್ತು.
ಸಭೆಯನ್ನು ತಸ್ಮಿಯಾಳ ಕೈಗಿತ್ತು ಹಿಂದಿನ ಸಾಲಿಗೆ ಸರಿದೆ.
ಬಾಯಿ ಮುಚ್ಚಿ ಕೂರುವುದು
ಎದ್ದು ನಿಲ್ಲುವುದಕ್ಕಿಂತ ಕಷ್ಟ,
ಕಚ್ಚಿ ಕಚ್ಚಿ ನಾಲಿಗೆ ಉಪ್ಪುಪ್ಪು.

ಒಂದೇ ತಿಂಗಳದ್ದು ಬಂತು, ಟೀ ಅಂಗಡಿಗೇ ಅರ್ಧ ಹೋಯಿತು.
ಮೂರನೇ ಅಧ್ಯಾಯ ಎಲ್ಲಿ ಎನ್ನುತ್ತಾರೆ ಗೈಡು.
ನಾಳೆ ಮತ್ತೆ ಕೈ ಎತ್ತಿಸುವುದಿದೆ, ಎಷ್ಟು ಏಳುತ್ತವೋ.
ತಸ್ಮಿಯಾ ಆಗಲೇ ಚಾರ್ಟು ಹಾಳೆ ತಂದಿಟ್ಟು
ಮೆಸ್ಸಿನ ಅಡುಗೆಮನೆಗೆ ಹೋಗಿದ್ದಾಳೆ,
ಅನ್ನದ ಹಂಡೆಯ ಮುಚ್ಚಳವನ್ನು
ಒಂದು ರಾತ್ರಿಯ ಮಟ್ಟಿಗೆ ಕೇಳಿ ತರಲು.