ಓರೆಗೆರೆ

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಂತೆ.
ಇದು ದಾನಕ್ಕೆ ಬಂದದ್ದಲ್ಲ.
ಮುನ್ನೂರ ಎಂಬತ್ತೊಂಬತ್ತು ಪೌಂಡು,
ನಾಲ್ಕು ಭಾನುವಾರ, ಕ್ರಿಸ್‌ಮಸ್ ಮಾರನೆಯ ದಿನದ ಪಾಳಿ.
ಅದಕ್ಕೇ ಎಣಿಸುತ್ತಾ ಕೂತಿದ್ದೇನೆ.

ಬಲಗಡೆ ಕೆಳಮೂಲೆಯಲ್ಲಿ ಕತ್ತಲೆ ಪೂರಾ ಕತ್ತಲೆಯಲ್ಲ,
ಬಾಗಿಲ ಸಂದಿಯಿಂದ ಅಡುಗೆಮನೆ ದೀಪ ಇಣುಕಿದ ಹಾಗೆ
ಬೆಳಕು ಸೋರುತ್ತದೆ.
ಚಾರ್ಜಿಗೆ ಹಾಕಿದರೆ ಯಾರೂ ಮುಟ್ಟದೆ ತಾನೇ ಪುಟ ಮಗುಚುತ್ತದೆ.
ದನಿಯ ಗುಂಡಿ ಹಾಲುಹಲ್ಲು, ನಾಲಿಗೆ ತಾಗಿದರೂ ಅಲ್ಲಾಡೀತು.
ಇವೆಲ್ಲ ಹೋಗಲಿ.

ಪೆನ್ನು ಹಿಡಿದು ಓರೆಗೆರೆ ಎಳೆದರೆ
ಗೆರೆ ನಡುಗುತ್ತದೆ.
ನೆಟ್ಟಗೆಳೆದರೆ ಇಲ್ಲ, ಅಡ್ಡಕ್ಕೆ ಎಳೆದರೆ ಇಲ್ಲ,
ಓರೆಗೆ ಮಾತ್ರ, ಅದೂ ನಿಧಾನಕ್ಕೆ.
ಬೇಗ ಎಳೆದೆನೋ, ಸುಳ್ಳು ಹೇಳಿ ದಾಟಿಕೊಂಡವರ ಹಾಗೆ ಸಲೀಸು.

ಹಲ್ ಊರಿನ ಬಸ್ಸು ಓಡಿಸುತ್ತೇನೆ.
ಹೆಸಲ್‌ನ ಕೊನೇ ನಿಲ್ದಾಣದಲ್ಲಿ ಒಂಬತ್ತು ನಿಮಿಷ ಬಿಡುವು.
ಇಂಜಿನ್ ಆರಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು
ಹಂಬರ್ ಸೇತುವೆ ಬರೆಯುತ್ತೇನೆ.
ಆರು ವರ್ಷದಿಂದ ಅದೊಂದನ್ನೇ.
ಆ ಸೇತುವೆಯ ತೂಗುಹಗ್ಗ ಅಷ್ಟೂ ಓರೆ.
ಇದರಲ್ಲಿ ಬರೆದರೆ
ಸೇತುವೆಗೆ ಚಳಿಜ್ವರ.

"ಅಷ್ಟು ಹತ್ತಿರದಿಂದ ಯಾರು ನೋಡ್ತಾರೆ?" ಅಂದಳು ಡಿಪೋದ ಬ್ರೆಂಡಾ.
ಯಾರು ಅಂದರೆ, ನಾನು.
"ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದ ಧರಣೇಂದ್ರ, ಪಾತ್ರೆ ಒರೆಸುತ್ತಾ.

ಆ ವಿದ್ಯೆಯಲ್ಲಿ ನನ್ನದು ಪಿಎಚ್‌ಡಿ, ಮಾರಾಯ.
ಬಿಸಿನೀರಿಗೊಂದು, ತಣ್ಣೀರಿಗೊಂದು ನಲ್ಲಿ ಈ ಮನೆಯಲ್ಲಿ,
ಬೆಚ್ಚಗಾಗುವುದು ನನ್ನ ಅಂಗೈಗೆ ಬಿಟ್ಟ ಕೆಲಸ.
ಪದ್ಮಲತಾ ಬ್ಯಾಡ್ಜಿನಲ್ಲಿ ಪ್ಯಾಮ್.
ಏಳುನೂರ ಹದಿನಾರನೇ ಬಸ್ಸಿನ ಬಾಗಿಲು
ಮೂರನೇ ಸಲಕ್ಕೇ ಮುಚ್ಚುವುದು,
ಮೊದಲೆರಡು ಸಲ ನಾನು ಗುಂಡಿ ಒತ್ತುವುದು ಬರೀ ಮರ್ಯಾದೆಗೆ.
ಆದರೆ ಆ ಬಸ್ಸು ಕಂಪನಿಯದು.
ಇದಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ.

ಅವ್ವ ಗಡಿಗೆ ಕೊಳ್ಳುವಾಗ
ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದಳು.
ಕುಂಬಾರಗಿತ್ತಿ ಸಿಡುಕುತ್ತಿರಲಿಲ್ಲ, ತಾನೇ ಇನ್ನೊಂದೆತ್ತಿ
ಬಡಿದು ತೋರಿಸುತ್ತಿದ್ದಳು: "ಕೇಳಬೇ, ಇದು ಹಾಡ್ತದ."
ಇದನ್ನು ತಂದವ ಹೊಸಿಲ ಮೇಲಿಟ್ಟು
ಫೋಟೋ ತೆಗೆದು ಹೊರಟೇಹೋದ.

ಹದಿನಾಲ್ಕು ದಿನದ ಗಡುವು. ಹದಿಮೂರನೆಯ ದಿನ, ಗಾಳಿ.
ಡಬ್ಬಿಯೊಳಗೆ ಎಲ್ಲವೂ ಮೊದಲಿನಂತೆ ಕೂತಿತು,
ಸುಲಿದ ಪ್ಲಾಸ್ಟಿಕ್ ಪೊರೆ ಮಾತ್ರ
ಹಾವಿಗೆ ವಾಪಸು ತೊಡಿಸಲಾಗಲಿಲ್ಲ.

ಅಂಗಡಿ ಹುಡುಗ ಕ್ಯಾಲಮ್ ಪರದೆ ನೋಡಿ ಕೇಳಿದ: ಕಾರಣ?
ಒಡೆದಿದೆಯೇ, ಬೇರೆ ಬಣ್ಣವೇ, ಮನಸ್ಸು ಬದಲಾಯಿತೇ?
ಮೂರರಲ್ಲೊಂದು ಆರಿಸಬೇಕು.
"ಓರೆ" ಅಂದೆ. ಆ ಖಾನೆ ಅವನ ಬಳಿ ಇರಲಿಲ್ಲ.
"ಇನ್ನೊಂದು ತೆಗಿ, ಗೆರೆ ಎಳೆದು ನೋಡುತ್ತೇನೆ."

ಎರಡನೆಯದೂ ನಡುಗಿತು, ಕೊಂಚ ಕಡಿಮೆ.
ಹಿಂದೆ ಸಾಲು ಬೆಳೆಯಿತು. ಯಾರೋ ಕೆಮ್ಮಿದರು.
ಕ್ಯಾಲಮ್‌ನ ಕಿವಿ ಕೆಂಪಾಯಿತು, ನನ್ನದೂ.
ಮೂರನೆಯದರಲ್ಲಿ ಎಳೆದೆ, ಮೂಲೆಯಿಂದ ಮೂಲೆಗೆ,
ಕೊನೇ ನಿಲ್ದಾಣದಲ್ಲಿ ಎಳೆಯುವಷ್ಟೇ ನಿಧಾನ.
ಗೆರೆ ಗೆರೆಯಾಗಿಯೇ ಇತ್ತು.
ಮಗುಚಿ ಹಿಡಿದರೆ ಬೆನ್ನಲ್ಲಿ ಕಿರ್ ಅಂದಿತು.
ಇನ್ನೊಮ್ಮೆ ಒತ್ತಿದೆ. ಕಿರ್.

"ಬೇರೆ ಸ್ಟಾಕ್ ಇಲ್ಲ" ಅಂದ, ಹೆದರುತ್ತಾ.
ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಬೆನ್ನು ನನ್ನದು,
ಬೆಳಗ್ಗೆ ಏಳುವಾಗ ಇದೇ ಮಾತಾಡುತ್ತದೆ.
ಇದೇ ಇರಲಿ, ಅಂದೆ.

ಹೊರಗೆ ಏಳುನೂರ ಹದಿನಾರು ನಿಂತಿತ್ತು, ಓಡಿಸುವವ ಹೊಸಬ.
ಹತ್ತಿ ಕೂತೆ.
ಬಾಗಿಲು ಒಮ್ಮೆ, ಎರಡು ಸಲ. ಅವನು ಬೈದ.
"ಇನ್ನೊಂದ್ಸಲ ಒತ್ತು" ಅಂದೆ ಹಿಂದಿನಿಂದ.