ಕಾಲಿಗೆ ತಗಲಿದ್ದು

ನಮ್ಮ ಶಾಲೆಯಲ್ಲಿ ಕಾಲು ಎಂದರೆ ತಪ್ಪು.
ಚೆಂಡು ಕಾಲಿಗೆ ತಗಲಿತೋ, ಬೋಪಯ್ಯ ಮಾಸ್ಟ್ರ ಸೀಟಿ
ಸುಂಟಿಕೊಪ್ಪದ ಪೇಟೆವರೆಗೂ ಕೇಳುತ್ತಿತ್ತು.
ಹಾಕಿ ಕೋಲು ಕೈಯಲ್ಲಿದ್ದರೂ
ನನಗೆ ಮೊದಲು ನೆನಪಾಗುತ್ತಿದ್ದದ್ದು ಪಾದ.
“ಷಿನೋಜಾ, ನೀನು ಆಡ್ತಿದ್ದೀಯೋ, ಒದ್ದಾಡ್ತಿದ್ದೀಯೋ?”

ಒದ್ದು ಆಡಿದೆ, ಮಾಸ್ಟ್ರೇ. ಆಮೇಲೆ ಒದ್ದಾಡಿದೆ.
ಎರಡನ್ನೂ ಕೂಡಿಸುವಾಗ ನಡುವೆ ಒಂದು ಸ್ವರ ಬಿದ್ದುಹೋಗುತ್ತದೆ,
ಕನ್ನಡ ಮೇಡಂ ಅದಕ್ಕೆ ಲೋಪ ಅನ್ನುತ್ತಿದ್ದರು.

ಅಮ್ಮನ ಜೊತೆ ಮಲಯಾಳ, ಶಾಲೆಯಲ್ಲಿ ಕನ್ನಡ,
ರೈಟರಿಗೆ ಲೆಕ್ಕ ಒಪ್ಪಿಸಲು ತಮಿಳು,
ಸಾಹುಕಾರರ ಜೀಪು ನಿಂತರೆ ಕೊಡವತಕ್ಕಿನ ನಾಲ್ಕೇ ಮಾತು.
ತೋಟದ ಲೈನುಮನೆ ಹುಡುಗ ನಡುವೆಯೇ ಬೆಳೆಯುತ್ತಾನೆ.
ಆ ಕಡೆಯಿಂದ ಬಂದದ್ದನ್ನು ಈ ಕಡೆ ದಾಟಿಸು,
ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡ.
ಎಂಟನೇ ನಂಬರಿನ ಅಂಗಿ ಆಮೇಲೆ ಬಂತು.

ಹದಿನೆಂಟಕ್ಕೆ ಗೋವಾ. ಮೂರು ಜನಕ್ಕೊಂದು ರೂಮು.
ಮೊದಲ ಸಂಬಳದಲ್ಲಿ ಅಮ್ಮನಿಗೆ ಗ್ರೈಂಡರ್,
ಅಚ್ಚನಿಗೆ ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ.
ಅಚ್ಚ ಅದನ್ನು ಮುಟ್ಟಿ ನೋಡಿ
ಹಳೆಯ ಬಿದಿರಿನದ್ದನ್ನೇ ಹೆಗಲಿಗೇರಿಸಿದರು.
“ಬಾಗದ ಏಣಿಯನ್ನು ನಂಬಬಾರದು.”

ಕೊಲ್ಕತ್ತಾದ ಒಂದು ಸಂಜೆ, ಎಪ್ಪತ್ತೆಂಟನೇ ನಿಮಿಷ.
ಎದುರಾಳಿಗಳಿಬ್ಬರ ನಡುವೆ ಹುಲ್ಲಿನ ಒಂದು ಸೀಳು ಕಂಡಿತು.
ಕಂಡದ್ದು ನನಗೊಬ್ಬನಿಗೇ.
ಕೊಟ್ಟೆ.
ಲಾಲ್ರಿನ ಎಡಕ್ಕೆ ತಿರುಗಿಸಿದ, ಬ್ರೆಜಿಲಿನವನು ಹೊಡೆದ.
ಗೋಲು ಅವನ ಲೆಕ್ಕಕ್ಕೆ, ಕೊಡುಗೆ ಲಾಲ್ರಿನನ ಲೆಕ್ಕಕ್ಕೆ.
ಕೊಟ್ಟವನಿಗೆ ಕೊಟ್ಟವನನ್ನು ಬರೆಯಲು ಕಾಲಮ್ಮಿಲ್ಲ.
ಮರುದಿನದ ಪೇಪರಿನಲ್ಲಿ, ಚಿತ್ರದ ಅಂಚಿಗೆ, ಒಂದು ಮೊಣಕೈ.
“ಪೇರಳೆ ಮರದಿಂದ ಬಿದ್ದ ಗಾಯ ಅಲ್ವಾ, ಮೋನೇ? ನಿಂದೇ.”
ಲೈನಿನ ಹನ್ನೆರಡು ಮನೆಗೂ
ಅಮ್ಮ ಆ ಮೊಣಕೈ ತೋರಿಸಿ ಬಂದಳು.

ಮುಂದಿನದನ್ನು ಬೇಗ ಹೇಳುತ್ತೇನೆ, ಆದದ್ದೂ ಹಾಗೆಯೇ.
ಕ್ಲಬ್ಬಿನ ಧಣಿಗೆ ಆಟ ಸಾಕೆನಿಸಿತು,
ನಾಲ್ಕು ತಿಂಗಳ ಸಂಬಳ ಅವನಲ್ಲೇ ಉಳಿಯಿತು.
ಬಲಮಂಡಿಯೊಳಗೆ ಪುರಲೆ ಮುರಿದ ಸದ್ದು,
ಅದೂ ಕೇಳಿದ್ದು ನನಗೊಬ್ಬನಿಗೇ.
ಹನ್ನೊಂದು ತಿಂಗಳು ಎಣ್ಣೆ, ಪಟ್ಟಿ, ಗೋಡೆ ಹಿಡಿದು ನಡಿಗೆ.
ಏಜೆಂಟನ ನಂಬರು ಚಾಲ್ತಿಯಲ್ಲಿಲ್ಲ ಎಂದು
ಒಬ್ಬ ಹೆಂಗಸು ಬಹಳ ವಿನಯದಿಂದ ಹೇಳುತ್ತಿದ್ದಳು.
ಮಲಪ್ಪುರದ ಕಡೆ ರಾತ್ರಿ ಸೆವೆನ್ಸ್, ಬೇರೆಯವನ ಹೆಸರಲ್ಲಿ;
ಗೆದ್ದರೆ ಎರಡು ಸಾವಿರ, ಸೋತರೆ ಪೊರೋಟ.
ನಸುಕಿಗೆ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಪೊಲೀಸ್ ಟಾರ್ಚ್ ಬಿಟ್ಟ:
ಏನು ಕೆಲಸ?
ಫುಟ್ಬಾಲ್ ಆಡ್ತೇನೆ.
ಅದಲ್ಲ ಮಾರಾಯ, ಕೆಲಸ ಕೇಳಿದ್ದು.

ಮೂವತ್ತೊಂದರಲ್ಲಿ ಮತ್ತೊಮ್ಮೆ ಏರಿದೆ, ಅದನ್ನೂ ಹೇಳಬೇಕು.
ಎರಡನೇ ದರ್ಜೆಯ ತಂಡ, ತೋಳಿಗೆ ನಾಯಕನ ಪಟ್ಟಿ.
ಕಾಲು ತಲುಪದ ಕಡೆಗೆ ಕಣ್ಣನ್ನು ಮೊದಲೇ ಕಳಿಸುವುದು ಕಲಿತಿದ್ದೆ.
ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ,
ನೋಡಿದವರು ಇನ್ನೂರು ಜನ.
ಬಿಡುಗಡೆಯ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ
ಬಸ್ಸು ಕುಶಾಲನಗರದಲ್ಲಿ ಚಹಾಕ್ಕೆ ನಿಂತಿತ್ತು.
ಕೊನೆಗೆ ಮುಗಿದ ಕೈಗಳ ಚಿತ್ರ. ನಾನೂ ಅದನ್ನೇ ಕಳಿಸಿದೆ.

ಈಗ ಬೋಪಯ್ಯ ಮಾಸ್ಟ್ರಿಗೆ ಕಣ್ಣು ಮಂಜು.
ಶನಿವಾರದ ಹಾಕಿಗೆ ಸೀಟಿ ನನ್ನ ಕೈಗೆ ಕೊಟ್ಟು
ಗೆರೆಯಾಚೆ ಕುರ್ಚಿ ಹಾಕಿ ಕೂರುತ್ತಾರೆ.

ಮೊನ್ನೆ, ಏಳನೇ ಕ್ಲಾಸಿನ ಒಬ್ಬ ಹುಡುಗಿ.
ಎತ್ತರಕ್ಕೆ ಚಿಮ್ಮಿ ಬಂದ ಚೆಂಡನ್ನು
ಪಾದದ ಒಳಬದಿಯಲ್ಲಿ ಹಿಡಿದು ಇಳಿಸಿದಳು,
ಮಲಗಿದ ಮಗುವನ್ನು ಚಾಪೆಗೆ ಇಳಿಸಿದ ಹಾಗೆ.
ಕೋಲು ಎಲ್ಲೋ ಇತ್ತು.
ತಲೆಯೆತ್ತಿ, ನಡುವಿನ ಖಾಲಿ ಜಾಗ ಹುಡುಕುತ್ತಿದ್ದಳು.

ಸೀಟಿ ಬಾಯಲ್ಲೇ ಇತ್ತು. ಊದಿದೆ. ಊದಲೇಬೇಕು.
“ಕಾಲು,” ಅಂದೆ.

ಗೆರೆಯಾಚೆಯಿಂದ ಮಾಸ್ಟ್ರು ಕೂಗಿದರು:
“ತಡ ಆಯ್ತು ಷಿನೋಜಾ, ತಡ ಆಯ್ತು!”